ಲಕೋಟೆಗೆ ಹೋದ ಮತ

ಅಡುಗೆಮನೆಯ ಕಪಾಟಿಗೆ ಹಳೆಯ ಪತ್ರಿಕೆ ಹಾಸುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಆ ವರ್ಷ ಕಾಫಿಪುಡಿಯ ಡಬ್ಬಿಯ ಅಡಿಗೆ ಬಂದದ್ದು ವಿಧಾನಸಭೆ ಚುನಾವಣೆಯ ಜಿಲ್ಲಾವಾರು ಫಲಿತಾಂಶದ ಪುಟ. ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ನಮ್ಮ ಕಡೆಯ ಹೆಸರುಗಳು ಒಂದರ ಕೆಳಗೊಂದು ಇದ್ದವು. ಗೆದ್ದವರು, ಸೋತವರು, ಠೇವಣಿ ಕಳೆದುಕೊಂಡವರು, ಚಲಾವಣೆಯಾದ ಮತ, ತಿರಸ್ಕೃತವಾದ ಮತ, ಕೊನೆಗೆ ಅಂತರ. ಬೆಳಗ್ಗೆ ಒಲೆ ಹೊತ್ತಿಸಿ ನೀರು ಕುದಿಯುವವರೆಗೆ ನಾನು ಆ ಅಂಕಿಗಳ ಮುಂದೆ ಸುಮ್ಮನೆ ನಿಂತಿರುತ್ತಿದ್ದೆ. ಮುದ್ರಣದವರು ಎಲ್ಲವನ್ನೂ ಒಂದೊಂದು ಗೆರೆಯೊಳಗೆ ಕೂರಿಸಿದ್ದರು. ಆದರೆ ನಾನು ಹುಡುಕುತ್ತಿದ್ದ ಒಂದೇ ಒಂದು ಮತ ಆ ಪುಟದ ಯಾವ ಗೆರೆಯೊಳಗೂ ಇರಲಿಲ್ಲ. ಅದು ಎಲ್ಲಿಗೆ ಹೋಯಿತೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದುದನ್ನೇ ಮತ್ತೆ ಮತ್ತೆ ಹುಡುಕುವುದು ಮನಸ್ಸು ದಣಿದವರ ಅಭ್ಯಾಸ, ನಿಮಗೂ ಅದರ ಪರಿಚಯ ಇರಬಹುದು.

ಆಗ ನಾನು ಸಾಗರದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಶರಾವತಿಗೆ ಅಣೆಕಟ್ಟು ಕಟ್ಟಿ, ನೀರು ನಿಂತು, ಊರುಗಳು ಮುಳುಗಿದ ಮೇಲೆ ಬಂದ ಮೊದಲ ವಿಧಾನಸಭೆ ಚುನಾವಣೆ ಅದು. ನನ್ನನ್ನು ಹೊಸನಗರ ತಾಲ್ಲೂಕಿನ ಒಂದು ಮತಗಟ್ಟೆಗೆ ಹಾಕಿದರು. ಹಿನ್ನೀರಿನ ಅಂಚಿನ ದಿಬ್ಬದ ಮೇಲೆ ಒಂದೇ ಕೋಣೆಯ ಶಾಲೆ. ಬೇಸಿಗೆಗೆ ನೀರು ಸ್ವಲ್ಪ ಹಿಂದೆ ಸರಿದಿತ್ತು. ಕಿಟಕಿಯಿಂದ ನೋಡಿದರೆ ಕೆಸರಿನಲ್ಲಿ ಕಡಿದ ಮರಗಳ ಬುಡಗಳು ಸಾಲಾಗಿ ಕಾಣುತ್ತಿದ್ದವು. ಆ ಮತಗಟ್ಟೆಯ ಪಟ್ಟಿಯಲ್ಲಿದ್ದ ಎಷ್ಟೋ ಮನೆಗಳು ಆ ಬುಡಗಳಿಗಿಂತಲೂ ಆಚೆ, ನೀರಿನ ಒಳಗಿದ್ದವು. ಮನೆ ಹೋಗಿತ್ತು, ಜನ ಹೋಗಿದ್ದರು. ಪಟ್ಟಿಯಲ್ಲಿ ಮಾತ್ರ ಮನೆ ನಂಬರು, ಗಂಡನ ಹೆಸರು, ವಯಸ್ಸು ಹಾಗೇ ಉಳಿದಿದ್ದವು.

ನಮ್ಮ ಮತಗಟ್ಟೆಯ ಮುಖ್ಯ ಅಧಿಕಾರಿ ಅನಂತಯ್ಯನವರು, ಹೈಸ್ಕೂಲಿನ ಹೆಡ್‌ಮಾಸ್ಟರು. ನಿವೃತ್ತಿಗೆ ಹತ್ತಿರವಾಗಿದ್ದವರು. ಕೈಪಿಡಿಯನ್ನು ಎರಡು ಸಲ ಓದಿ, ಬೇಕಾದ ಕಡೆಯೆಲ್ಲ ಪೆನ್ಸಿಲ್ಲಿನಿಂದ ಗೆರೆ ಹಾಕಿಕೊಂಡು ಬಂದಿದ್ದರು. ಸಿಬ್ಬಂದಿ ಕಡಿಮೆಯಾದ್ದರಿಂದ ಹೆಂಗಸರ ಸಾಲಿಗೆ ಹೆಸರು ಗುರುತಿಸುವುದೂ ಬೆರಳಿಗೆ ಶಾಯಿ ಹಚ್ಚುವುದೂ ನನಗೇ ಬಂತು.

ಬೆಳಗ್ಗೆ ಒಂಬತ್ತರ ಹೊತ್ತಿಗೆ ಒಂದು ಲಾರಿ ಬಂದು ನಿಂತಿತು. ಇಪ್ಪತ್ತು, ಇಪ್ಪತ್ತೈದು ಹೆಂಗಸರು ಇಳಿದರು. ಎಲ್ಲರ ಕೈಯಲ್ಲೂ ಯಾರೋ ಬರೆದುಕೊಟ್ಟ ಚೀಟಿ. ಸಾಲಿನ ನಡುವೆ ಒಬ್ಬಳು ತೆಳ್ಳಗಿನ ಹೆಣ್ಣು, ಕೈತುಂಬ ಹೊಸ ಹಸಿರು ಬಳೆ, ನನ್ನ ಮುಂದೆ ಚೀಟಿ ಇಟ್ಟು ನೆಲ ನೋಡುತ್ತ ನಿಂತಳು.

"ಹೆಸರು?"

"ದ್ಯಾವಮ್ಮ."

"ಗಂಡನ ಹೆಸರು?"

ಅವಳು ಬಾಗಿಲ ಕಡೆ ನೋಡಿದಳು. ಅಲ್ಲಿ ನಿಂತಿದ್ದವನೊಬ್ಬ ಒಂದು ಹೆಸರು ಹೇಳಿದ. ಗಂಡನ ಹೆಸರು ಹೇಳಲು ನಮ್ಮ ಹೆಂಗಸರು ನಾಚುವುದು ಹೊಸದೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಪಟ್ಟಿಯಲ್ಲಿ ದ್ಯಾವಮ್ಮನ ವಯಸ್ಸು ಐವತ್ತೆರಡು ಎಂದಿತ್ತು. ನನ್ನ ಮುಂದೆ ನಿಂತವಳಿಗೆ ಮೂವತ್ತೂ ದಾಟಿರಲಿಲ್ಲ. ಪಟ್ಟಿಯಲ್ಲಿ ವಯಸ್ಸು ತಪ್ಪಾಗುವುದುಂಟು, ಆದರೆ ಅಷ್ಟೊಂದಲ್ಲ. ಅಭ್ಯರ್ಥಿಗಳ ಏಜೆಂಟರಲ್ಲಿ ಒಬ್ಬ ತಿಂಡಿಗೆ ಹೋಗಿದ್ದ, ಇನ್ನೊಬ್ಬ ಲಾರಿಯಲ್ಲಿ ಬಂದವರ ಕಡೆಯವನೇ. ನಾನು ಅನಂತಯ್ಯನವರ ಮುಖ ನೋಡಿದೆ. ಅವರು ಹೊರಗಿನ ಉದ್ದ ಸಾಲನ್ನು ನೋಡಿ, "ಬೇಗ ಆಗ್ಲಿ ಕಣಮ್ಮ, ಬಿಸಿಲೇರ್ತಾ ಇದೆ" ಎಂದರು. ನಾನು ಪಟ್ಟಿಯಲ್ಲಿ ಆ ಹೆಸರಿನ ಕೆಳಗೆ ಗೆರೆ ಎಳೆದು, ಶಾಯಿಯ ಕಡ್ಡಿ ಅದ್ದಿ ಅವಳ ಬೆರಳಿಗೆ ಹಚ್ಚಿದೆ. ಅವಳದು ಏನು ತಪ್ಪೋ, ಯಾರು ಹೇಳಿ ಕಳಿಸಿದರೋ. ಈಗಲೂ ಅವಳ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

ಮಧ್ಯಾಹ್ನ ಎರಡರ ಮೇಲೆ, ಸಾಲು ಕರಗಿ ನಾವು ಸರದಿಯಲ್ಲಿ ಊಟ ಮುಗಿಸುತ್ತಿದ್ದಾಗ, ದಿಬ್ಬದ ದಾರಿಯಲ್ಲಿ ಒಬ್ಬಳೇ ಹೆಂಗಸು ನಡೆದು ಬಂದಳು. ಕಾಲಿಗೆ ಮೊಣಕಾಲವರೆಗೂ ಕೆಂಧೂಳು, ತಲೆಯ ಮೇಲೆ ಸೆರಗು, ಕೈಯಲ್ಲಿ ಬಟ್ಟೆಯ ಗಂಟು. ಬಂದವಳೇ ಜಗುಲಿಯಲ್ಲಿ ನಿಂತು ದಿಬ್ಬದ ಕೆಳಗಿನ ನೀರನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಒಳಗೆ ಬಂದು ನನ್ನ ಮುಂದೆ ನಿಂತಳು.

"ಅಕ್ಕೋರೆ, ನಂದೊಂದು ಓಟು ಐತಿ ಇಲ್ಲಿ. ದ್ಯಾವಮ್ಮ ಅಂತ."

ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎಂದೇ ಕರೆಯುತ್ತಾರೆ. ನಾನು ಪಟ್ಟಿ ತೆರೆಯಲಿಲ್ಲ. ತೆರೆಯಬೇಕಾಗಿಯೂ ಇರಲಿಲ್ಲ. ಆ ಹೆಸರಿನ ಕೆಳಗೆ ನಾನೇ ಎಳೆದ ಗೆರೆ ನನ್ನ ಕಣ್ಣ ಮುಂದೆ ಇತ್ತು.

ಅನಂತಯ್ಯನವರು ಅವಳನ್ನು ಕೂರಿಸಿ ವಿಚಾರಿಸಿದರು. ಗಂಡ ತೀರಿಹೋಗಿ ಮೂರು ವರ್ಷ. ಮುಳುಗಡೆಯಲ್ಲಿ ಮನೆ ಬಿಟ್ಟು ಮಂಡಗದ್ದೆಯ ಕಡೆ ಕಾಡಂಚಿನಲ್ಲಿ ಜಾಗ ತೋರಿಸಿದ್ದಾರೆ. ಉಳುತ್ತಾಳೆ, ಆದರೆ ಹಕ್ಕುಪತ್ರ ಕೈಗೆ ಬಂದಿಲ್ಲ. ಅಲ್ಲಿನ ಪಟ್ಟಿಯಲ್ಲಿ ಹೆಸರಿಲ್ಲ. ಮುಳುಗಡೆಯವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದ ಅವರ ಊರಿನವರೊಬ್ಬರು ಈ ಸಲ ಹೊಸನಗರದಿಂದ ನಿಂತಿದ್ದಾರೆ. ಹಳೆಯ ಊರಿನ ಪಟ್ಟಿಯಲ್ಲಿ ಹೆಸರು ಇನ್ನೂ ಇದೆ ಎಂದು ಯಾರೋ ಹೇಳಿದರು. ನಿನ್ನೆ ಹೊರಟು, ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿ, ಹುಂಚದಲ್ಲಿ ನೆಂಟರ ಮನೆಯಲ್ಲಿ ಉಳಿದು, ಇವತ್ತು ಮತ್ತೆ ಬಸ್ಸು, ಆಮೇಲೆ ನಡಿಗೆ.

"ಹಳೇ ದಾರಿ ನೀರಲ್ಲೈತಿ. ಸುತ್ತಾಕ್ಕೊಂಡು ಬರೋದ್ರೊಳಗೆ ಹೊತ್ತಾತು" ಎಂದಳು, ತಡವಾದದ್ದಕ್ಕೆ ಕ್ಷಮೆ ಕೇಳುವವಳ ಹಾಗೆ.

ಹೇಳಿ ಕರೆಸಿದ ಊರಿನ ಶಾನುಭೋಗರು ಬಂದು ಅವಳನ್ನು ಗುರುತಿಸಿದರು. ಸಂಶಯಕ್ಕೆ ಎಡೆಯೇ ಇರಲಿಲ್ಲ. ಅನಂತಯ್ಯನವರು ಕೈಪಿಡಿ ತೆರೆದರು. ಒಬ್ಬರ ಹೆಸರಿನಲ್ಲಿ ಬೇರೆಯವರು ಆಗಲೇ ಮತ ಹಾಕಿಬಿಟ್ಟಿದ್ದರೆ, ನಿಜವಾದವರು ಬಂದು ತಾವೇ ಎಂದು ತೋರಿಸಿಕೊಟ್ಟಾಗ, ಅವರಿಗೆ ಇನ್ನೊಂದು ಮತಪತ್ರ ಕೊಡಬೇಕು. ಆದರೆ ಅದನ್ನು ಪೆಟ್ಟಿಗೆಗೆ ಹಾಕುವಂತಿಲ್ಲ. ಬೇರೆ ಲಕೋಟೆಯಲ್ಲಿ ಇಟ್ಟು ಮುಚ್ಚಬೇಕು. ಎಣಿಕೆಯ ದಿನ ಆ ಲಕೋಟೆಯನ್ನು ಬಿಚ್ಚುವುದಿಲ್ಲ. ಯಾರಾದರೂ ಕೋರ್ಟಿಗೆ ಹೋದರೆ ಅಲ್ಲಿ ಅದರ ಮಾತು ಬರಬಹುದು, ಅಷ್ಟೆ.

ದ್ಯಾವಮ್ಮ ಮರೆಗೆ ಹೋಗಿ, ಮೊಹರು ಒತ್ತಿ, ಮತಪತ್ರವನ್ನು ಅಂಗೈಯಲ್ಲಿ ಜೋಪಾನವಾಗಿ ಹಿಡಿದು ಬಂದಳು. ಪೆಟ್ಟಿಗೆಯ ಕಡೆ ಎರಡು ಹೆಜ್ಜೆ ಇಟ್ಟಳು. ಅನಂತಯ್ಯನವರು ಕೈ ಚಾಚಿ ಅದನ್ನು ತೆಗೆದುಕೊಂಡು ಲಕೋಟೆಗೆ ಹಾಕಿದರು.

"ನಂದ್ ಎಂತಕ್ಕೆ ಪೆಟ್ಟಿಗೆಗೆ ಹಾಕ್ಲಿಲ್ಲ?"

ಅನಂತಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಂದು ಬೇರೆ ಇಡ್ತೀವಮ್ಮ. ಜೋಪಾನವಾಗಿರುತ್ತೆ" ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳು ನನ್ನ ಕಡೆ ತಿರುಗಿದಳು. ನಾನು ಹೌದೆಂದು ತಲೆಯಾಡಿಸಿದೆ. ತನ್ನ ಒಬ್ಬಳ ಮತಕ್ಕೆ ಬೇರೆಯೇ ಲಕೋಟೆ ಎಂದು ಅವಳ ಮುಖದಲ್ಲಿ ಸಮಾಧಾನವೇ ಕಂಡಿತು. ನೀರು ಕೇಳಿ ಕುಡಿದು, ಕೊನೆಯ ಬಸ್ಸು ತಪ್ಪುತ್ತದೆಂದು ಬಂದ ದಾರಿಯಲ್ಲೇ ಹೊರಟಳು.

ಎಣಿಕೆ ಮುಗಿದು ಫಲಿತಾಂಶ ಬಂತು. ಮುಳುಗಡೆಯವರಿಗೆ ಅರ್ಜಿ ಬರೆದುಕೊಡುತ್ತಿದ್ದವರು ಸೋತರು. ಅದೂ ಸಣ್ಣ ಸೋಲಲ್ಲ. ಸಾಗರದಲ್ಲಿ ಒಂದು ಕಡೆಯವರು ಪಟಾಕಿ ಹಚ್ಚಿದರು. ತೀರ್ಥಹಳ್ಳಿಯಿಂದ ಅಕ್ಕ ಬರೆದ ಕಾಗದದಲ್ಲಿ ಅಲ್ಲಿನ ಮೆರವಣಿಗೆಯ ವರ್ಣನೆ ಇತ್ತು. ಅನಂತಯ್ಯನವರು ಒಮ್ಮೆ ಪೇಟೆಯಲ್ಲಿ ಸಿಕ್ಕಾಗ ನಾನು ಆ ವಿಷಯ ಎತ್ತಿದೆ.

"ಕಾನೂನಿನ ಪ್ರಕಾರ ನಾವು ಮಾಡಿದ್ದು ಸರಿಯಾಗೇ ಇದೆ. ಅದು ಎಣಿಕೆಗೆ ಬಂದಿದ್ರೂ ಏನೂ ಬದಲಾಗ್ತಿರಲಿಲ್ಲ" ಎಂದರು.

ಎರಡೂ ನಿಜ. ಈ ಎರಡು ನಿಜಗಳನ್ನು ಇಟ್ಟುಕೊಂಡು ನಾನು ಎರಡು ತಿಂಗಳು ಕಳೆದೆ. ಅಂತರ ದೊಡ್ಡದಿದ್ದಷ್ಟೂ ಒಂದು ಮತ ಹಗುರಾಗುತ್ತದೆ ಎಂಬ ಲೆಕ್ಕ ಮಕ್ಕಳಿಗೆ ಹೇಳಿಕೊಡಲು ಸುಲಭ. ಎರಡು ದಿನ ನಡೆದೂ ಬಸ್ಸು ಹಿಡಿದೂ ಬಂದವಳ ಕಾಲಿನ ಧೂಳಿಗೆ ಈ ಲೆಕ್ಕ ಹೇಗೆ ಹೇಳುವುದು? ಅಲ್ಲದೆ ಬೆಳಗ್ಗೆ ಒಂಬತ್ತು ಗಂಟೆಗೆ ನಾನು ಸುಮ್ಮನಿದ್ದಾಗ ಅಂತರವೆಷ್ಟೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ಸುಮ್ಮನಿದ್ದದ್ದು ಯಾರ ಭಯಕ್ಕೂ ಅಲ್ಲ. ಬಿಸಿಲು, ಉದ್ದದ ಸಾಲು, ಕೆಲಸ ಮುಗಿದರೆ ಸಾಕೆಂಬ ಆಲಸ್ಯ. ಅನ್ಯಾಯಕ್ಕೆ ದೊಡ್ಡ ದುರುದ್ದೇಶ ಬೇಕು ಎಂದುಕೊಂಡಿದ್ದ ನನಗೆ, ಇಷ್ಟು ಸಣ್ಣ ದಣಿವು ಸಾಕಾಗುತ್ತದೆ ಎಂದು ತಿಳಿದದ್ದೇ ಹೆಚ್ಚು ದಣಿವು ತಂದಿತು.

ಬೇಸಿಗೆ ರಜೆಯಲ್ಲಿ ಅಕ್ಕನ ಮನೆಗೆಂದು ತೀರ್ಥಹಳ್ಳಿಗೆ ಹೋದವಳು, ಒಂದು ಬೆಳಗ್ಗೆ ಮಂಡಗದ್ದೆಯ ಬಸ್ಸು ಹತ್ತಿದೆ. ವಿಚಾರಿಸಿಕೊಂಡು ಹೋಗುವುದು ಕಷ್ಟವಾಗಲಿಲ್ಲ, ಮುಳುಗಡೆಯವರ ಗುಡಿಸಲು ಎಂದರೆ ಯಾರು ಬೇಕಾದರೂ ತೋರಿಸುತ್ತಿದ್ದರು. ದ್ಯಾವಮ್ಮ ಗದ್ದೆಯಲ್ಲಿ ಬೇರು ಕೀಳುತ್ತಿದ್ದಳು. ನನ್ನನ್ನು ನೋಡಿ ಗುರುತು ಹಿಡಿದಳು.

"ಓಟಿನ ಅಕ್ಕೋರಲ್ದಾ? ಎಂತ ಇಷ್ಟು ದೂರ?"

ಅವಳ ಜಗುಲಿಯಲ್ಲಿ ಕೂತು ಎಲ್ಲ ಹೇಳಿದೆ. ಬೆಳಗ್ಗೆ ಬಂದವಳ ವಿಷಯ, ಲಕೋಟೆಯ ವಿಷಯ, ಅದನ್ನು ಬಿಚ್ಚಿಯೇ ಇಲ್ಲ ಎಂಬುದು. ಅವಳು ಕೈಯ ಮಣ್ಣು ಉಜ್ಜುತ್ತ ಕೇಳಿದಳು.

"ಅವಳ್ನ ನೀವು ನೋಡಿದ್ರಾ?"

"ನೋಡಿದೆ."

"ನಾನಲ್ಲ ಅಂತ ಗೊತ್ತಾತಾ?"

"ವಯಸ್ಸು ಹೊಂದಲಿಲ್ಲ. ಗೊತ್ತಾಯ್ತು."

ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಎದ್ದು ಒಳಗೆ ಹೋಗಿ, ನೀರೂ ಬೆಲ್ಲವೂ ತಂದು ನನ್ನ ಮುಂದಿಟ್ಟಳು. ಕೋಪದಲ್ಲಿದ್ದಾಗಲೂ ಮನೆಗೆ ಬಂದವರಿಗೆ ಬಾಯಾರಿಕೆಗೆ ಕೊಡುವುದು ತಪ್ಪಲಿಲ್ಲ.

"ಅವ್ರು ಸೋತ್ರು ಅಂತ ಕೇಳ್ದಾಗ, ನನ್ ಕೈಲಾದ್ದು ನಾ ಮಾಡೀನಿ ಅಂದ್ಕೊಂಡೆ" ಎಂದಳು ಕೊನೆಗೆ. "ಈಗ ಅದೂ ಇಲ್ಲ ಅಂದಂಗಾತು."

ಉತ್ತರವಿಲ್ಲದಾಗ ಏನಾದರೂ ಕೆಲಸ ಹುಡುಕಿಕೊಳ್ಳುವುದು ಮೇಷ್ಟರ ಜಾತಿಯ ಗುಣ. "ಇಲ್ಲಿನ ಪಟ್ಟಿಗೆ ನಿಮ್ಮ ಹೆಸರು ಸೇರಿಸೋಣ. ನಾಳೆ ನನ್ನ ಜೊತೆ ತೀರ್ಥಹಳ್ಳಿ ಕಚೇರಿಗೆ ಬನ್ನಿ" ಎಂದೆ. ಅವಳು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ದಿನ ಹತ್ತು ಗಂಟೆಗೆ ಕಚೇರಿಯ ಮೆಟ್ಟಿಲ ಮೇಲೆ ನನಗಿಂತ ಮೊದಲೇ ಬಂದು ಕೂತಿದ್ದಳು. ಗುಮಾಸ್ತರು ಒಳ್ಳೆಯವರು. ಅರ್ಜಿಯ ಮೇಲಿನ ಒಂದೊಂದೇ ಪ್ರಶ್ನೆ ಕೇಳಿ ಬರೆದುಕೊಳ್ಳುತ್ತ, "ಮನೆ ನಂಬರು?" ಎಂದರು.

ದ್ಯಾವಮ್ಮ ಹಳೆಯ ಊರಿನ ನಂಬರನ್ನೇ ಹೇಳಿದಳು.

"ಅದಲ್ಲಮ್ಮ, ಈಗಿನ ಮನೇದು."

"ಅದಕ್ಕೆ ನಂಬರು ಕೊಟ್ಟಿಲ್ಲ ಸ್ವಾಮಿ."

ಗುಮಾಸ್ತರು ಲೇಖನಿ ಎತ್ತಿ ಯೋಚಿಸಿದರು. ಹಿಂದೆ ನಾಲ್ಕೈದು ಜನ ಕಾಯುತ್ತಿದ್ದರು, ಹೊರಗೆ ಬಿಸಿಲೇರುತ್ತಿತ್ತು. ನಾನು ಮುಂದೆ ಬಂದು, ಮನೆ ಇದೆ, ನಿನ್ನೆ ನಾನೇ ಅದರ ಜಗುಲಿಯಲ್ಲಿ ಕೂತಿದ್ದೆ, ನಂಬರಿಲ್ಲದ ಮನೆ ಎಂದೇ ಬರೆದುಕೊಳ್ಳಿ, ಬೇಕಾದರೆ ನಾನು ಸಹಿ ಹಾಕುತ್ತೇನೆ ಎಂದೆ. ನನ್ನ ದನಿ ನನಗೇ ಸ್ವಲ್ಪ ಜೋರಾಗಿ ಕೇಳಿಸಿತು. ಅವರು ಹಾಗೆಯೇ ಬರೆದು, ಪರಿಶೀಲನೆಗೆ ಬರುತ್ತಾರೆ, ಆಮೇಲೆ ಸೇರುತ್ತದೆ ಎಂದರು. ದ್ಯಾವಮ್ಮ ಹೆಬ್ಬೆಟ್ಟು ಒತ್ತಿದಳು. ಮುಂದಿನ ಚುನಾವಣೆಗೆ ಎಷ್ಟು ವರ್ಷ ಎಂದು ಅವರನ್ನೇ ಕೇಳಿದಳು. ಐದು ಎಂದರು. ಅವಳು ಬೆರಳು ಮಡಿಸಿ ವರ್ಷ ಎಣಿಸಿಕೊಂಡಳು.

ಬಸ್‌ಸ್ಟ್ಯಾಂಡಿನವರೆಗೆ ಜೊತೆಯಲ್ಲಿ ನಡೆದೆವು. ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾಗೆ ಕೇಳುವುದು ಅವಳ ಮೇಲೆ ಇನ್ನೊಂದು ಕೆಲಸ ಹೊರಿಸಿದಂತೆ ಎಂದು ನನಗೆ ಅನಿಸಿತ್ತು. ಮಂಡಗದ್ದೆಯ ಬಸ್ಸು ಬಂತು. ಹತ್ತಿ ಕಿಟಕಿಯ ಬದಿಗೆ ಕೂತಳು. ಕಂಡಕ್ಟರ್ ಸೀಟಿ ಊದಿದ ಮೇಲೆ ತಲೆ ಹೊರಗೆ ಹಾಕಿ ನನ್ನನ್ನು ನೋಡಿದಳು.

"ಅಕ್ಕೋರೆ, ನಿಮ್ಮ ಹೆಸರೆಂತ?"

ಹೇಳಿದೆ. ಮೋಟಾರಿನ ಸದ್ದಿನಲ್ಲಿ ಅವಳಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ. ಅವಳು ಅದನ್ನು ನಿಧಾನವಾಗಿ, ತಪ್ಪಿಲ್ಲದೆ, ನನ್ನ ಮುಖವನ್ನೇ ನೋಡುತ್ತ ಹೇಳಿಕೊಂಡಳು. ಬಸ್ಸು ಹೊರಟಿತು.