ಸೆರಗು ಸುತ್ತಿದ ಕೈ

ನಾಗವೇಣಿ ನಾಯ್ಕ ಶಿರಸಿಯ ಒಂದು ಕಾಲೇಜಿನಲ್ಲಿ ಪರಿಸರ ವಿಜ್ಞಾನ ಪಾಠ ಮಾಡತೊಡಗಿ ಎಂಟು ವರ್ಷವಾಯಿತು. ಹುಡುಗರಿಗೆ ಅವಳೆಂದರೆ ಅಚ್ಚುಮೆಚ್ಚು. ಆದರೆ ವರ್ಷದ ಮೊದಲ ತಿಂಗಳಲ್ಲಿ ಅರಿಶಿನ ಕಾಗದದ ಪ್ರಯೋಗ ಬಂದಾಗ, ಬೂದಿನೀರಿನ ಬಟ್ಟಲನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು, ಕಿಟಕಿಯ ಕಡೆ ಮುಖ ಮಾಡಿ ನಿಲ್ಲುತ್ತಾಳೆ. ಯಾಕೆ ಮೇಡಂ ಎಂದರೆ, "ಅದನ್ನ ಎಷ್ಟು ಸಲ ನೋಡೋದು ಮಾರಾಯ್ರೆ" ಎಂದು ಮಾತು ಹಾರಿಸುತ್ತಾಳೆ. ಅದು ಅಪ್ಪಟ ಸುಳ್ಳು.

ಅವಳು ಹುಟ್ಟಿದ್ದು ಸಿದ್ದಾಪುರದ ಹತ್ತಿರದ ಕೋಲಸಿರ್ಸಿಯಲ್ಲಿ. ಹುಟ್ಟಿದಂದಿನಿಂದ ಇಪ್ಪತ್ತೊಂದು ವರ್ಷ ತುಂಬುವ ತನಕ ಅವಳ ತಾಯಿ ಪಾರ್ವತವ್ವ ಅವಳನ್ನು ಬರಿಗೈಯಲ್ಲಿ ಮುಟ್ಟಿರಲಿಲ್ಲ. ಹಾಲು ಕುಡಿಸುವಾಗಲೂ ಮಗುವನ್ನು ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದಳಂತೆ. ಜ್ವರ ಬಂದರೆ ಹಣೆ ಮುಟ್ಟಿ ನೋಡುವ ಮೊದಲು ಬಲಗೈಗೆ ಸೆರಗು ಸುತ್ತಿಕೊಳ್ಳುತ್ತಿದ್ದಳು. ಎಲ್ಲ ಅಮ್ಮಂದಿರೂ ಹೀಗೇ ಇರುತ್ತಾರೆಂದು ನಾಗವೇಣಿ ಶಾಲೆಗೆ ಸೇರುವ ತನಕ ನಂಬಿದ್ದಳು.

ಅದಕ್ಕೆಲ್ಲ ಕಾರಣ ಒಂದು ಕಲ್ಲು. ಗದ್ದೆಯಂಚಿನ ಮತ್ತಿಮರದ ಬುಡದಲ್ಲಿ ಮಂಡಿಯೆತ್ತರದ, ಮೈತುಂಬ ತೂತುಗಳಿರುವ ಒಂದು ಚಿರೆಕಲ್ಲಿದೆ. ಅದೇ ಆ ಮನೆಯನ್ನು ಕಾಯುವ ಚೌಡಿ. ಕೊಯ್ಲು ಮುಗಿದ ಮೇಲೆ ಬರುವ ಮೊದಲ ಮಂಗಳವಾರ ಮನೆಯ ಹೆಂಗಸೊಬ್ಬಳು ಅದಕ್ಕೆ ಅರಿಶಿನ ಬಳಿಯಬೇಕು. ಪಾರ್ವತವ್ವ ಸೊಸೆಯಾಗಿ ಬಂದ ವರ್ಷ ಅವಳ ಸರದಿ. ಅವಳು ಬಳಿದ ಅರಿಶಿನ ನೋಡನೋಡುತ್ತ ಬಣ್ಣ ಬದಲಾಯಿಸಿತು. ಮೊದಲು ತೂತುಗಳ ಅಂಚು, ಆಮೇಲೆ ಇಡೀ ಮೈ ರಕ್ತಗೆಂಪಾಯಿತು.

ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ ಎನ್ನುವುದು ಓಕುಳಿ ಕಲಸಿದ ಯಾವ ಹೆಂಗಸಿಗೆ ಗೊತ್ತಿಲ್ಲ? ನಾಗವೇಣಿಯ ಸೋದರತ್ತೆ ಗಿರಿಜವ್ವ ತಮ್ಮನ ಹೆಂಡತಿಯ ಹತ್ತೂ ಬೆರಳು ಮೂಸಿ ನೋಡಿದಳು. ಸುಣ್ಣದ ಸುಳಿವೇ ಇರಲಿಲ್ಲ. ಮೂರು ತಿಂಗಳಿಗೆ ಪಾರ್ವತವ್ವ ಹೆತ್ತ ಗಂಡುಮಗು ನಲವತ್ತು ದಿನವೂ ಬದುಕಲಿಲ್ಲ. ಮರುವರ್ಷ ಚೌಡಿ ಇನ್ನೂ ಕೆಂಪಾದಳು. "ಇವಳ ಕೈ ಚೌಡಿಗೆ ಬ್ಯಾಡ" ಎಂದು ಗಿರಿಜವ್ವ ತೀರ್ಪು ಕೊಟ್ಟಳು. ಮನೆಮಂದಿಗೆಲ್ಲ ಅನ್ನ ಬೇಯಿಸಲು ಮಾತ್ರ ಅದೇ ಕೈ ಆಗುತ್ತಿತ್ತು. ಅಷ್ಟು ಜಾಣತನ ಗಿರಿಜವ್ವನಿಗಿತ್ತು. ಆ ಹೊತ್ತಿಗೆ ನಾಗವೇಣಿ ಹೊಟ್ಟೆಯಲ್ಲಿದ್ದಳು. ಗಿರಿಜವ್ವ ಹೇಳಿದ್ದು ಚೌಡಿಯ ಮಾತಷ್ಟೇ. ಮಗುವನ್ನೂ ಮುಟ್ಟಬಾರದೆಂಬ ಕಟ್ಟನ್ನು ಪಾರ್ವತವ್ವ ತಾನೇ ಹಾಕಿಕೊಂಡಳು.

ತೊಂಬತ್ತೇಳರಲ್ಲಿ ನಾಗವೇಣಿಗೆ ಧಾರವಾಡದಲ್ಲಿ ಎಂ.ಎಸ್ಸಿ.ಗೆ ಸೀಟು ಸಿಕ್ಕಿತು. ಗಿಡಮರ, ಕಪ್ಪೆ, ಹಕ್ಕಿ ಎಂದು ಕನಸು ಕಂಡು ಹೋದವಳಿಗೆ ಮೊದಲು ಎದುರಾದದ್ದು ರಸಾಯನಶಾಸ್ತ್ರ. ನೀರು ಕೆಟ್ಟಿದೆಯೋ ಇಲ್ಲವೋ ಹೇಳಬೇಕಾದರೆ ಆಮ್ಲ, ಕ್ಷಾರ ತಿಳಿದಿರಲೇಬೇಕಂತೆ. ಪಿಯುಸಿಯಲ್ಲಿ ಅದೇ ವಿಷಯದಲ್ಲಿ ಮೂವತ್ತಾರು ಅಂಕ ತೆಗೆದು ದೇವರಿಗೆ ಕೈ ಮುಗಿದಿದ್ದ ಹುಡುಗಿ ಅವಳು. ಮೋಲ್ ಎಂದರೆ ಏನೆಂದು ನಾಲ್ಕು ಸಲ ಓದಿದರೂ ತಲೆಗೆ ಹತ್ತಲಿಲ್ಲ. ಹಾಸ್ಟೆಲಿನ ಬಚ್ಚಲಲ್ಲಿ ಕೂತು ಅತ್ತಳು.

ಪಾಠ ಹೇಳುತ್ತಿದ್ದ ಶಾಂತಾರಾಮ ಸರ್ ಒಳ್ಳೆಯವರು. ಒಂದು ಬೆಳಿಗ್ಗೆ ಅರಿಶಿನದಲ್ಲಿ ಅದ್ದಿ ಒಣಗಿಸಿದ ಕಾಗದದ ಚೂರುಗಳನ್ನು ಹಂಚಿದರು. ಸುಣ್ಣದ ತಿಳಿ ಬಿಟ್ಟರು. ಕೆಂಪಾಯಿತು. ಹುಡುಗಿಯರು ನಕ್ಕರು.

"ನಗ್ರಿ, ನಗ್ರಿ. ಇದು ಬರೇ ಸುಣ್ಣದ ಆಟ ಅಂತ ತಿಳ್ದೀರಿ. ಯಾವ ಕ್ಷಾರ ಬಿದ್ರೂ ಹಿಂಗಽ ಆಗ್ತದ, ನೋಡ್ರಿ" ಎಂದು ಅವರು ಇನ್ನೊಂದು ಬಟ್ಟಲಿನಿಂದ ಒಂದು ಹನಿ ಬಿಟ್ಟರು. ಕಾಗದ ಅಂಚಿನಿಂದ ಒಳಮುಖವಾಗಿ ಕೆಂಪಾಗುತ್ತ ಬಂತು.

"ಅದು ಏನು ಸರ್?" ನಾಗವೇಣಿ ಬೆಂಚಿನಿಂದ ಎದ್ದು ಕೇಳಿದಳು.

"ಒಲಿ ಬೂದಿ ಕಲಸಿದ ನೀರವ್ವಾ."

 ಮನೆಯಲ್ಲಿ ಪಾತ್ರೆ, ಹೊಸ್ತಿಲು, ತುಳಸಿಕಟ್ಟೆ, ಏನನ್ನೇ ಆದರೂ ಅಮ್ಮ ಬೂದಿ ಹಾಕಿಯೇ ತಿಕ್ಕುತ್ತಿದ್ದಳು. ಉಳಿದ ಪಾಠ ಅವಳಿಗೆ ಕೇಳಿಸಲೇ ಇಲ್ಲ.

ರಜೆ ಬಿಟ್ಟ ಮರುದಿನವೇ ಊರಿಗೆ ಬಂದಳು. ಅಮ್ಮ ಕೊಟ್ಟಿಗೆಯಲ್ಲಿದ್ದಳು.

"ಅಮ್ಮಾ, ಚೌಡಿಕಲ್ಲನ್ನ ಆವತ್ತು ಎಂತ ಹಾಕಿ ತೊಳ್ದಿದ್ದೆ?"

ಪಾರ್ವತವ್ವ ಕೈಯಲ್ಲಿದ್ದ ಹುಲ್ಲನ್ನು ಆಕಳ ಮುಂದೆ ಹಾಕಿದಳು. "ಕಲ್ಲಿನ ತುಂಬ ಪಾಚಿ ಕಟ್ಟಿತ್ತು ಮಗ. ಉಳಿದವ್ರು ನೀರು ಹೊಯ್ದು ಬಿಡ್ತಿದ್ರು. ನಾನು ಹೊಸಾ ಸೊಸೆ ಅಲ್ದಾ? ಬೆಳಕು ಹರಿಯೋ ಮೊದ್ಲೇ ಹೋಗಿ ಬೂದಿ ಹಾಕಿ ಮೂರು ಸಲ ತಿಕ್ಕಿದ್ದೆ. ಮಾರನೇ ವರ್ಷ ಏಳು ಸಲ. ಯಾರ ಹತ್ರಾನೂ ಹೇಳಿಲ್ಲ."

ಮಡಿ ಹೆಚ್ಚಾದಷ್ಟೂ ಕಲ್ಲು ಕೆಂಪಾಗಿತ್ತು.  ನಾಗವೇಣಿ ಒಂದು ತೆಂಗಿನ ಗೆರಟೆಯಲ್ಲಿ ಒಲೆಯ ಬೂದಿ, ಇನ್ನೊಂದರಲ್ಲಿ ಅರಿಶಿನ ತುಂಬಿಕೊಂಡು, ಒಲ್ಲೆ ಒಲ್ಲೆ ಎನ್ನುವ ಅಮ್ಮನನ್ನು ಸೆರಗು ಹಿಡಿದು ಎಳೆದುಕೊಂಡು ಹೋದಳು.

ಕೊಯ್ದ ಗದ್ದೆ ಖಾಲಿ ಬಿದ್ದಿತ್ತು. ನಡುಹಗಲಿನ ಬಿಸಿಲಿದ್ದರೂ ಮತ್ತಿಮರದಡಿ ತಣ್ಣಗಿತ್ತು. ಒಂದು ಹಕ್ಕಿಯ ದನಿಯೂ ಇರಲಿಲ್ಲ. ನಾಗವೇಣಿ ಕೊಡಪಾನದಲ್ಲಿ ನೀರು ತಂದು ಕಲ್ಲಿನ ಎಡಭಾಗವನ್ನು ಬರಿ ನೀರಿನಲ್ಲಿ, ಬಲಭಾಗವನ್ನು ಬೂದಿ ಹಾಕಿ ತೊಳೆದಳು. ಬೂದಿಗೈಯಲ್ಲೇ ಕೆನ್ನೆಯ ಬೆವರು ಒರೆಸಿಕೊಂಡಳು.

"ಈಗ ನೀನೇ ಅರಿಶಿನ ಹಚ್ಚು."

"ಬ್ಯಾಡ್ವೇ. ನಿಂಗೆ ಏನಾದ್ರೂ ಆದ್ರೆ?"

"ಎಂತದೂ ಆಗಲ್ಲ. ಹಚ್ಚು."

ಪಾರ್ವತವ್ವ ಕೈಗೆ ಸುತ್ತಿದ್ದ ಸೆರಗನ್ನು ಬಿಚ್ಚಿದಳು. ಆ ಅಂಗೈಯನ್ನು ನಾಗವೇಣಿ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬಳಿದು ಮುಗಿಸಿ ಇಬ್ಬರೂ ಕಾದು ನಿಂತರು. ಎಡಭಾಗ ಹಳದಿಯಾಗಿಯೇ ಉಳಿಯಿತು. ಬಲಭಾಗದ ತೂತುಗಳಿಂದ ಕೆಂಪು ಮೆಲ್ಲಗೆ ಹೊರಗೆ ಬಂತು.

"ನೋಡು, ಬೂದಿ ಅಮ್ಮಾ. ಬರೀ ಬೂದಿ! ಚೌಡಿ ನಿನ್ನ ಬ್ಯಾಡ ಅಂದೇ ಇಲ್ಲ."

ಅಮ್ಮ ನಗುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದಳು. ಪಾರ್ವತವ್ವ ಎರಡೂ ಮಾಡದೆ ಕಲ್ಲನ್ನೇ ನೋಡುತ್ತ ಕೇಳಿದಳು: "ಹಂಗಾದ್ರೆ ನನ್ನ ಮಗ ಎಂತಕ್ಕೆ ಹೋದ?"

 ಇಪ್ಪತ್ತೆರಡು ವರ್ಷ ಆ ಸಾವಿಗೊಂದು ಕಾರಣವಿತ್ತು. ಅದನ್ನು ತಾನು ಕಿತ್ತುಕೊಂಡೆನೆಂದು ನಾಗವೇಣಿಗೆ ಆಗ ಹೊಳೆಯಿತು. 

ಆಗ ಪಾರ್ವತವ್ವ ಅರಿಶಿನ ಮೆತ್ತಿದ ಕೈ ಎತ್ತಿ ಮಗಳ ಕೆನ್ನೆಯ ಮೇಲಿಟ್ಟಳು. ಒರಟು, ತಣ್ಣನೆಯ ಕೈ. ಯಾರೋ ಅಪರಿಚಿತರದ್ದೆನಿಸಿತು. ಒಂದು ಗಳಿಗೆ ಕಳೆದು ತೆಗೆದಾಗ ಅಮ್ಮನ ಮುಖ ಬಿಳುಚಿಕೊಂಡಿತು. ನಾಗವೇಣಿ ಬಗ್ಗಿ ಕೊಡಪಾನದ ನೀರಿನಲ್ಲಿ ಮುಖ ನೋಡಿಕೊಂಡಳು. ಕೆನ್ನೆಯ ಮೇಲೆ ನಾಲ್ಕು ಬೆರಳು ರಕ್ತಗೆಂಪಾಗಿ ಮೂಡಿದ್ದವು.

ಬೆವರು ಒರೆಸಿದ ಬೂದಿ, ಮತ್ತೇನೂ ಅಲ್ಲ. ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅದನ್ನು ತೊಳೆದುಬಿಡಲು ಕೈ ತಾನಾಗಿ ನೀರಿಗಿಳಿಯಿತು. ಗಿರಿಜವ್ವನ ಹೆದರಿಕೆ ತನ್ನೊಳಗೂ ಇದೆಯೆಂದು ಅವಳಿಗೆ ತಿಳಿದದ್ದು ಅಲ್ಲಿಯೇ.

ಪಾರ್ವತವ್ವ ಸೆರಗಿಗಾಗಿ ತಡಕಾಡುತ್ತಿದ್ದಳು. "ಇದೂ ಬೂದಿಯೇನೇ?"

"ಬೂದಿಯೇ" ಎನ್ನುತ್ತ ನಾಗವೇಣಿ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಕೆನ್ನೆಗೆ ಒತ್ತಿಕೊಂಡಳು. ಅವಳ ಧ್ವನಿ ನಡುಗಿದ್ದು ಅಮ್ಮನಿಗೂ ಕೇಳಿಸಿತು. ಆದರೂ ಪಾರ್ವತವ್ವ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.