ಬೆಟ್ಟ ಬಿಟ್ಟ ಉಸಿರು

೨೦೨೧ರ ಚಳಿಗಾಲ ಮುಗಿಯುತ್ತಿದ್ದ ಸಮಯ. ನಾನು ಸ್ಯಾನ್ ಡಿಯಾಗೋದ ಆಸ್ಪತ್ರೆಯೊಂದರ ಐಸಿಯುನಲ್ಲಿ ಡಾಕ್ಟರ್. ವರ್ಷವಿಡೀ ಕೋವಿಡ್ ರೋಗಿಗಳನ್ನು ನೋಡಿಕೊಂಡು ಎಷ್ಟು ದಣಿದಿದ್ದೆನೆಂದರೆ, ನಿದ್ದೆ ಮಾಡಿ ಎದ್ದರೂ ಸುಸ್ತು ಹೋಗುತ್ತಿರಲಿಲ್ಲ. ಕಡೆಗೆ ಒಂದು ವಾರ ರಜೆ ಸಿಕ್ಕಿತು. ಅದೇ ಊರಿನ ಮೀರಾ ಮೆಸಾ ಬಡಾವಣೆಯ ನಮ್ಮ ಮನೆಯಲ್ಲೇ ಇದ್ದರೆ ಮತ್ತೆ ಆಸ್ಪತ್ರೆಯಿಂದ ಫೋನ್ ಬರುತ್ತದೆಂದು ನನ್ನ ಗಂಡ ಮೋಹನ್ ನನ್ನನ್ನು ಕಾರು ಹತ್ತಿಸಿಕೊಂಡು ಉತ್ತರದ ಮ್ಯಾಮತ್ ಬೆಟ್ಟಕ್ಕೆ ಹೊರಟರು. ದಾರಿಯಲ್ಲಿ ಲಾಸ್ ಏಂಜಲೀಸ್ ದಾಟಿದ್ದೂ ನಿದ್ದೆಯಲ್ಲಿ ನನಗೆ ಗೊತ್ತಾಗಲಿಲ್ಲ.

ಮರುದಿನ ಮಧ್ಯಾಹ್ನ ಅಲ್ಲಿ ಹೆಪ್ಪುಗಟ್ಟಿದ ಕೆರೆಯೊಂದರ ದಡದಲ್ಲಿ ನಡೆಯುತ್ತಿದ್ದೆವು. ಸುತ್ತಲಿನ ಮರಗಳೆಲ್ಲ ಒಣಗಿ ಬೂದು ಬಣ್ಣಕ್ಕೆ ತಿರುಗಿದ್ದವು. ಎಚ್ಚರಿಕೆಯ ಬೋರ್ಡು ಹಿಮದಲ್ಲಿ ಹೂತುಹೋಗಿತ್ತೆಂದು ತಿಳಿದದ್ದು ಆಮೇಲೆ. ಮೋಹನ್ ಫೋಟೋ ತೆಗೆಯಲು ನಿಂತರು. ಒಂದು ಮರದ ಬುಡದಲ್ಲಿ ಹಿಮ ಕುಸಿದು ಗುಂಡಿಯಾಗಿತ್ತು. ಅಲ್ಲಿ ಗಾಳಿ ಬೀಸುತ್ತಿರಲಿಲ್ಲ. ಇಳಿದು, ಒರಗಿ ಕುಳಿತು ಕಣ್ಣು ಮುಚ್ಚಿದೆ.

ಸ್ವಲ್ಪ ಹೊತ್ತಿಗೇ ಏದುಸಿರು ಬಂತು, ತಲೆ ಸಿಡಿಯತೊಡಗಿತು. ಎತ್ತರದ ಜಾಗ, ಸುಸ್ತು ಬೇರೆ ಎಂದುಕೊಂಡೆ. ಏಳಬೇಕು ಅನಿಸಿತು; ಏಳಲಿಲ್ಲ.

ಯಾರೋ ಕೂಗುವುದು ಕೇಳಿಸಿತು. ನನ್ನತ್ತ ಧುಮುಕಲು ಬಂದ ಮೋಹನ್‌ರ ಜಾಕೆಟ್ಟನ್ನು ವಯಸ್ಸಾದ ಹೆಂಗಸೊಬ್ಬಳು ಹಿಂದಿನಿಂದ ಹಿಡಿದಿದ್ದಳು. "ನೀವು ಇಳಿದರೆ ಇಬ್ಬರೂ ಅಲ್ಲೇ ಉಳಿಯುತ್ತೀರಿ," ಎಂದು ತನ್ನ ಊರುಗೋಲನ್ನು ನನ್ನತ್ತ ಚಾಚಿದಳು. ಹೇಗೋ ಹಿಡಿದುಕೊಂಡೆ. ಇಬ್ಬರೂ ಸೇರಿ ಎಳೆದರು.

ಆಕೆಯ ಹೆಸರು ಕ್ಯಾರಲ್, ಆ ಊರಿನವಳೇ. ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟು ಎಲ್ಲ ವಿವರಿಸಿದಳು. ಅದು ಜ್ವಾಲಾಮುಖಿ ಬೆಟ್ಟವಂತೆ, ಇನ್ನೂ ಜೀವಂತವಂತೆ. ಆಳದಲ್ಲಿ ಕರಗಿದ ಕಲ್ಲಿನಿಂದ ಹೊರಡುವ ಕಾರ್ಬನ್ ಡೈಆಕ್ಸೈಡ್ ಬಿರುಕುಗಳಲ್ಲಿ ಮೇಲೇರಿ ಬೇರುಗಳ ಉಸಿರು ಕಟ್ಟಿಸಿ ಮರಗಳನ್ನು ಕೊಂದಿದೆ. ಗಾಳಿಗಿಂತ ಭಾರವಾದ್ದರಿಂದ ಹಿಮದ ಗುಂಡಿಗಳಲ್ಲಿ ನಿಂತುಬಿಡುತ್ತದೆ.

ಇಂಥ ಕಡೆ ಹೇಗೆ ಬದುಕುತ್ತೀರಿ ಎಂದು ಕೇಳಿದೆ. ಚಳಿಗಾಲದಲ್ಲಿ ನಾಯಿಯನ್ನೂ ಗುಂಡಿಗಳ ಹತ್ತಿರ ಬಿಡುವುದಿಲ್ಲ, ನೆಲ ನಡುಗಿದರೆ ಎದ್ದು ನೋಡಿ ಮತ್ತೆ ಮಲಗುತ್ತೇವೆ ಎಂದಳು. ಆಮೇಲೆ, "ಅಷ್ಟು ಉಸಿರು ಕಟ್ಟಿದರೂ ಯಾಕೆ ಎದ್ದು ಬರಲಿಲ್ಲ?" ಎಂದು ಮೆಲ್ಲಗೆ ಕೇಳಿದಳು. ಸುಸ್ತಾಗಿತ್ತು ಎಂದೆ. ಆಕೆ ಇನ್ನಷ್ಟು ಟೀ ಬಗ್ಗಿಸಿದಳು.

ವಾಪಸ್ ಬರುವಾಗ ಮೋಹನ್ ರಸ್ತೆಯನ್ನೇ ನೋಡುತ್ತಾ, "ಸುಧಾ, ನಾನು ಅಲ್ಲೇ ಇದ್ದೆ. ನೀನು ನನ್ನನ್ನ ಕರೀಲೇ ಇಲ್ವಲ್ಲ," ಎಂದರು.

ಮನೆ ತಲುಪಿದ ಮೇಲೆ ದೀರ್ಘ ರಜೆಗೆ ಅಪ್ಲೈ ಮಾಡಿದೆ. ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ದಣಿವು ಪೂರ್ತಿ ಹೋಗಿಲ್ಲ, ಹೋಗುತ್ತದೆಂಬ ಆಸೆಯೂ ಇಲ್ಲ. ಆದರೆ ಆಗಲ್ಲ ಅನ್ನಿಸಿದ ದಿನ ಬಾಯಿಬಿಟ್ಟು ಹೇಳುತ್ತೇನೆ. ಮೋಹನ್ ಎದ್ದು ಬಂದು ಪಕ್ಕದಲ್ಲಿ ಕೂರುತ್ತಾರೆ.