ಎದುರು ಕೂತು ಒಂದು ಊಟ

ನನ್ನ ಗಂಡ ರಮಾನಾಥರು ಕೂತು ಉಂಡದ್ದನ್ನು ಕಂಡವರು ಮುಂಬಯಿಯ ಬೈಕುಲ್ಲಾದಲ್ಲಿ ಒಬ್ಬರೂ ಇರಲಿಕ್ಕಿಲ್ಲ. ಮಾರ್ಕೆಟ್ಟಿನ ಪಕ್ಕದ ನಮ್ಮ ಹೋಟೆಲಿನಲ್ಲಿ ದಿನವಿಡೀ ಊರಿಗೆಲ್ಲ ಊಟ ಹಾಕಿಸುವ ಈ ಮನುಷ್ಯ, ತಾನು ತಿನ್ನುವುದು ಮಾತ್ರ ಒಳಗೆ, ಬಟಾಟೆ ಚೀಲಗಳ ಪಕ್ಕ ನಿಂತುಕೊಂಡು, ಒಂದು ಕಣ್ಣನ್ನು ಕಿಂಡಿಯಿಂದ ಹೊರಬಾಗಿಲ ಮೇಲೆ ಇಟ್ಟುಕೊಂಡು. ಮನೆಯಲ್ಲಾದರೂ ಕೂರುತ್ತಾರಾ ಎಂದು ಕೇಳಬೇಡಿ. ಕಾಂದಿವಲಿಯ ಮನೆಗೆ ಬಂದು ಮುಟ್ಟುವಾಗ ಬಿಲ್ಡಿಂಗಿನವರೆಲ್ಲ ಮಲಗಿರುತ್ತಾರೆ. ನಾನು ಬಡಿಸುತ್ತೇನೆ, ಅವರು ನುಂಗುತ್ತಾರೆ, ತಟ್ಟೆ ಸಿಂಕಿಗೆ ಹೋಗುತ್ತದೆ. ಆಮೇಲೆ ನಾನೊಬ್ಬಳೇ ಉಣ್ಣುತ್ತೇನೆ. ಮದುವೆಯಾಗಿ ಮೂವತ್ತೊಂದು ವರ್ಷ ಆಯಿತು ಮಾರಾಯ್ರೇ, ಗಂಡ ಹೆಂಡತಿ ಎದುರು ಬದುರು ಕೂತು ಒಂದು ಊಟ ಮುಗಿಸಿದ್ದಿಲ್ಲ!

ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ನಾನು ಎಷ್ಟೋ ಸಲ ಬೈದದ್ದುಂಟು. ಬೈದರೆ ನಗುತ್ತಾರೆ. ಅವರ ನಗು ನೋಡಿದರೆ ಮುಂದೆ ಬೈಯಲು ಬಾಯಿ ಬರುವುದಿಲ್ಲ, ಅದು ಬೇರೆ ಕರ್ಮ.

ಹಾಗೆ ನೋಡಿದರೆ ಅವರದೂ ತಪ್ಪಲ್ಲ. ಮೀಸೆ ಮೂಡುವ ಮೊದಲೇ ಕಟಪಾಡಿಯ ಕಡೆಯಿಂದ ಮುಂಬಯಿಗೆ ಬಂದವರು. ಅಲ್ಲಿಯ ಫೋರ್ಟ್ ಪೇಟೆಯ ಒಂದು ಹೋಟೆಲಿನಲ್ಲಿ ಟೇಬಲು ಒರೆಸಿ, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಸಪ್ಲೈಯರ್ ಆಗಿ, ಕೊನೆಗೆ ತನ್ನದೇ ಗಲ್ಲಾದ ಹಿಂದೆ ಬಂದು ನಿಂತವರು. ಫೋರ್ಟಿನ ಆ ಧಣಿ ಅವರಿಗೆ ಕಲಿಸಿದ್ದು ಒಂದೇ ಪಾಠ: ಗಿರಾಕಿ ನಿಂತಿರುವಾಗ ಹೋಟೆಲಿನವನು ಕೂರಬಾರದು. ಬೈಕುಲ್ಲಾದಲ್ಲಿ ಗಿರಾಕಿ ನಿಂತಿರದ ಹೊತ್ತು ಯಾವುದು ಹೇಳಿ? ಒಬ್ಬ ಊಟ ಮಾಡುತ್ತಿರುವಾಗಲೇ ಇನ್ನೊಬ್ಬ ಅವನ ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾನೆ. ಮಾರ್ಕೆಟ್ಟಿನ ಹಮಾಲರಿಗೆ ಕೇಳದೆಯೇ ಎರಡನೇ ಸಲ ಸಾಂಬಾರು ಹಾಕಿಸುವುದು, ಮುದುಕರಿಗೆ ಫ್ಯಾನಿನ ಕೆಳಗಿನ ಟೇಬಲು ಕೊಡಿಸುವುದು, ಇದೆಲ್ಲ ಇವರದೇ ಕಾರುಬಾರು. ಅದಕ್ಕೇ ಅಲ್ಲಿ ಎಲ್ಲರಿಗೂ ಇವರು 'ಅಣ್ಣಾ'.

ಈ ವರ್ಷ ಫೆಬ್ರವರಿ ಕೊನೆಯಲ್ಲಿ ಹೋಟೆಲಿನ ಅಡುಗೆಮನೆಯ ನೆಲ ಅಗೆಯಬೇಕಾಗಿ ಬಂತು. ಚರಂಡಿ ಪೈಪು ಬದಲಿಸಿ, ಹೊಸ ಟೈಲ್ಸ್ ಹಾಕಿ ಮುಗಿಯುವ ತನಕ ಹೋಟೆಲು ಬಂದ್. ಇವರು ಮನೆಯಲ್ಲಿ ಒಂದು ದಿನ ಇದ್ದರು. ಆ ಒಂದು ದಿನದಲ್ಲಿ ನನ್ನ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟರು, ನನಗೆ ಜೀರಿಗೆ ಎಲ್ಲಿದೆ ಎಂದು ಗೊತ್ತಾಗದ ಹಾಗಾಯಿತು.

ನಮ್ಮ ಮಗಳು ನಿಖಿತಾ ಅಂಧೇರಿಯ ಏರ್‌ಪೋರ್ಟಿನಲ್ಲಿ ಒಂದು ವಿಮಾನ ಕಂಪನಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಅವಳೇ ಹೊರಡಿಸಿದ್ದು.

"ಪಪ್ಪಾ, ಅಭೀ ಆಫ್ ಸೀಸನ್, ಸೀಟ್ಸ್ ಖಾಲಿ ಉಂಟು. ನಮ್ಮ ಸ್ಟಾಫಿಗೆ ಸಸ್ತಾ ಫ್ಯಾಮಿಲಿ ಟಿಕೆಟ್ ಸಿಗ್ತದೆ. ಇನ್ಸ್‌ಬ್ರುಕ್ ಜಾವೋ ನಾ, ಆಸ್ಟ್ರಿಯಾದಲ್ಲಿ. ನಾನು ಫ್ರೆಂಡ್ಸ್ ಜೊತೆ ಹೋಗಿದ್ದೆ, ಯಾದ್ ಹೈ? ಚಿಕ್ಕ ಊರು, ನಡ್ಕೊಂಡೇ ನೋಡ್ಬಹುದು. ನೀವಿಬ್ರು ಕಳ್ದು ಹೋಗುದಿಲ್ಲ."

"ನಾನು ಅಲ್ಲಿಗೆ ಹೋಗಿ ಎಂಥ ಮಾಡುದು? ಹಿಮ ತಿನ್ನುದಾ?" ಎಂದರು ಇವರು.

"ಮಮ್ಮೀ, ತುಮ್ ಬೋಲೋ. ನಿಂಗೆ ಅಲ್ಲಿ ಏನು ನೋಡ್ಬೇಕು?"

ನನಗೆ ನೋಡಬೇಕಾದ್ದು ಏನೂ ಇರಲಿಲ್ಲ. ಇದ್ದದ್ದು ಒಂದೇ ಆಸೆ. ಅದನ್ನೇ ಬಾಯಿ ಬಿಟ್ಟು ಹೇಳಿಬಿಟ್ಟೆ. "ಅಲ್ಲಿ ಬೈಕುಲ್ಲಾ ಇಲ್ಲ, ಗಲ್ಲಾ ಇಲ್ಲ. ನಿನ್ನ ಪಪ್ಪ ನನ್ನ ಎದುರು ಕೂತು ಒಂದು ಊಟ, ಒಂದೇ ಒಂದು ಊಟ, ಮುಗಿಯುವ ತನಕ ಕೂತು ಮಾಡ್ಬೇಕು. ಅದಾದ್ರೆ ಬರ್ತೇನೆ. ಇಲ್ಲಾಂದ್ರೆ ನನಗೆ ಕಾಂದಿವಲಿಯೇ ಸಾಕು."

"ಅಷ್ಟೇಯಾ? ಆಯ್ತು ಮಾರಾಯ್ತಿ, ಅದೆಂಥ ದೊಡ್ಡ ವಿಷಯ!" ಎಂದರು. ಎಷ್ಟು ಸಲೀಸಾಗಿ ಎಂದರು ನೋಡಿ.

ಹಾಗೆ ನಾವು ಮುಂಬಯಿಯ ಸೆಕೆಯಿಂದ ವಿಮಾನ ಹತ್ತಿ, ಮ್ಯೂನಿಕ್ಕಿನಲ್ಲಿ ಇಳಿದು, ರೈಲು ಹಿಡಿದು ಆಸ್ಟ್ರಿಯಾದ ಆ ಊರಿಗೆ ಬಂದೆವು. ಸೀರೆಯ ಒಳಗೆ ಉಣ್ಣೆಯ ಪ್ಯಾಂಟು, ಮೇಲೆ ನಿಖಿತಾಳ ದಪ್ಪ ಜಾಕೆಟು, ಕಾಲಿಗೆ ಬೂಟು. ನನ್ನನ್ನು ನೋಡಿ ಇವರಿಗೆ ನಗು ತಡೆಯಲಿಲ್ಲ. ತಾವೇನು ಕಮ್ಮಿಯೇ? ಮಂಕಿ ಟೋಪಿಯಲ್ಲಿ ಮೂಗು ಮಾತ್ರ ಕಾಣುತ್ತಿತ್ತು.

ಊರು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ಅಲ್ಲಿ ಹತ್ತಿರದ ಬೆಟ್ಟವೂ ನುಣ್ಣಗೆ. ಯಾವ ಬೀದಿಯಲ್ಲಿ ನಿಂತು ತಲೆ ಎತ್ತಿದರೂ ತುದಿಯಲ್ಲಿ ಹಿಮದ ಬೆಟ್ಟ. ಹಳೆಯ ಪೇಟೆಯಲ್ಲಿ ಕಲ್ಲಿನ ಕಮಾನುಗಳ ಕೆಳಗೆ ಅಂಗಡಿಗಳು. ಹೊಳೆಯಾಚೆ ಗುಲಾಬಿ, ಹಳದಿ, ಹಸಿರು ಬಣ್ಣದ ಮನೆಗಳು ಹೆಗಲಿಗೆ ಹೆಗಲು ತಾಗಿಸಿಕೊಂಡು ನಿಂತಿದ್ದವು. ಚಳಿಗಾಲ ಮುಗಿಯುತ್ತಾ ಬಂದಿತ್ತು. ಬೆಳಿಗ್ಗೆ ಗಟ್ಟಿಯಾಗಿದ್ದ ಹಿಮ ಮಧ್ಯಾಹ್ನದ ಬಿಸಿಲಿಗೆ ಮನೆಗಳ ಇಳಿಜಾರು ಮಾಡಿನಿಂದ ತೊಟ್ಟಿಕ್ಕುತ್ತಿತ್ತು. ಅಲ್ಲಿಯ ಹೆಸರುವಾಸಿ ಚಿನ್ನದ ಮಾಡನ್ನೂ ನೋಡಿದೆವು. ರಾಜರು ಕೂತು ಆಟ ನೋಡುತ್ತಿದ್ದ ಒಂದು ಉಪ್ಪರಿಗೆಗೆ ಹೊಳೆಯುವ ಹಂಚು ಹೊದಿಸಿದ್ದಾರೆ.

"ಇಷ್ಟೇಯಾ? ನಾನು ಇಡೀ ಅರಮನೆಯ ಮಾಡು ಅಂತ ಎಣಿಸಿದ್ದೆ," ಎಂದರು ಇವರು.

"ನೀವು ಕೂತು ನೋಡ್ಲಿಕ್ಕೆ ಅಷ್ಟು ಸಾಕು. ಆ ರಾಜರಾದ್ರೂ ಕೂರ್ತಿದ್ರು," ಎಂದೆ. ಅವರಿಗೆ ತಾಗಲೇ ಇಲ್ಲ.

ಆದರೆ ನನ್ನ ಊಟ? ಅದರ ಕತೆ ಕೇಳಿ. ಮೊದಲ ದಿನ ನಾವು ಇಳಿದುಕೊಂಡಿದ್ದ ವಸತಿಯಲ್ಲಿ ಬೆಳಗಿನ ತಿಂಡಿ, ನಾವೇ ಬಡಿಸಿಕೊಳ್ಳುವ ಥರದ್ದು. ನಾನು ಎರಡು ತಟ್ಟೆ ತಂದು ಟೇಬಲಿನ ಮೇಲಿಟ್ಟು ಕಾದೆ. ಇವರು ಎಲ್ಲಿ? ಕಾಫಿ ಮೇಜಿನ ಹತ್ತಿರ ನಿಂತು ಕಪ್ಪುಗಳ ಕಿವಿಯನ್ನೆಲ್ಲ ಒಂದೇ ಕಡೆಗೆ ತಿರುಗಿಸಿ ಇಡುತ್ತಿದ್ದರು. ಮರುದಿನ ರಾತ್ರಿ ಒಂದು ಊಟದ ಮನೆಗೆ ಹೋದೆವು. ಸೂಪು ಬರುವಷ್ಟರಲ್ಲಿ "ಕೈ ತೊಳ್ಕೊಂಡು ಬರ್ತೇನೆ" ಎಂದು ಹೋದವರು ಅಡುಗೆಮನೆಯೊಳಗೆ ಸೇರಿಕೊಂಡರು. ಅಲ್ಲಿಯ ಪಾತ್ರೆ ತೊಳೆಯುವ ಮಿಶಿನು ನೋಡಿ, ಫೋಟೋ ತೆಗೆದು, ಬೈಕುಲ್ಲಾದಲ್ಲಿ ಟೈಲ್ಸ್ ಕೆಲಸ ನೋಡಿಕೊಳ್ಳುತ್ತಿದ್ದ ತಮ್ಮ ಅಣ್ಣನ ಮಗ ಸುಕೇಶನಿಗೆ ಕಳಿಸಿ ಬರುವಾಗ ನನ್ನ ಸೂಪಿನ ತಟ್ಟೆ ಖಾಲಿ. ಟೇಬಲಿನ ಈಚೆ ನಾನು ಒಂಟಿ, ಆಚೆ ಅವರ ಮುಟ್ಟದ ಸೂಪು ತಣ್ಣಗೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸುಮ್ಮನಾದೆ. ಇನ್ನೂ ದಿನ ಉಂಟಲ್ಲ ಎಂದುಕೊಂಡೆ.

ಮೂರನೇ ದಿನ ಭಾನುವಾರ. ಹಳೆಯ ಪೇಟೆಯ ಒಂದು ಹಳೇ ಕಾಲದ ಕಾಫಿ ಹೋಟೆಲಿಗೆ ಹೋದೆವು. ಕಪ್ಪು ವೇಸ್ಟ್‌ಕೋಟು ತೊಟ್ಟ, ಇವರದೇ ಪ್ರಾಯದ ಒಬ್ಬ ಸಪ್ಲೈಯರು ಬೆಳ್ಳಿ ಬಣ್ಣದ ಸಣ್ಣ ತಟ್ಟೆಯಲ್ಲಿ ಕಾಫಿ ತಂದಿಟ್ಟ. ಪಕ್ಕದಲ್ಲಿ ಕೇಳದೆಯೇ ಒಂದು ಗ್ಲಾಸು ನೀರು. ಇವರ ಮುಖ ಅರಳಿತು. "ನೋಡು, ನೀರು ಇಟ್ಟ! ಒಳ್ಳೇ ಹೋಟೆಲಿನಲ್ಲಿ ಕಲ್ತವ," ಎಂದರು. ಸೇಬು ತುಂಬಿ ಸುರುಳಿ ಸುತ್ತಿದ, ಪದರ ಪದರದ ಒಂದು ಸಿಹಿತಿಂಡಿ ತರಿಸಿದೆವು. ಸ್ಟ್ರೂಡೆಲ್ ಎಂದು ಹೆಸರು. ಬಿಸಿ ಬಿಸಿ, ದಾಲ್ಚಿನ್ನಿಯ ಪರಿಮಳ. ಅಯ್ಯೋ, ಎಂಥ ರುಚಿ!

ಇವರದು ನಾಲ್ಕು ತುತ್ತಿಗೆ ಮುಗಿಯಿತು. ಆದರೂ ಎದ್ದಿರಲಿಲ್ಲ, ಕೂತಿದ್ದರು. ನನಗೆ ಒಳಗೊಳಗೇ ಖುಷಿ. ಅಷ್ಟರಲ್ಲಿ ಬಾಗಿಲು ತೆರೆಯಿತು. ಗಂಡ, ಹೆಂಡತಿ, ಎರಡು ಮಕ್ಕಳು, ಬೂಟಿನ ತುಂಬ ಹಿಮ, ಜಾಗವಿಲ್ಲದೆ ಬಾಗಿಲಲ್ಲೇ ನಿಂತರು. ಇವರ ಬೆನ್ನು ನೆಟ್ಟಗಾಯಿತು, ಮೊಣಕಾಲು ಕುಣಿಯತೊಡಗಿತು. 'ಬೇಡ, ಬೇಡ' ಎಂದು ನಾನು ಕಣ್ಣಲ್ಲೇ ಹೇಳಿದೆ. ಎಲ್ಲಿಯ ಮಾತು!

"ಕಮ್, ಕಮ್! ಟೇಬಲ್ ರೆಡಿ!" ಎಂದು ಎದ್ದೇ ಬಿಟ್ಟರು. ಒಂದು ಕೈಯಲ್ಲಿ ಎರಡೂ ಕಪ್ಪು, ಇನ್ನೊಂದು ಕೈಯಲ್ಲಿ ನನ್ನ ಅರ್ಧ ತಿಂದ ಸ್ಟ್ರೂಡೆಲಿನ ತಟ್ಟೆ. ಅವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಕಾಗದದ ಟವೆಲಿನಿಂದ ಟೇಬಲಿಗೆ ಒಂದೇ ಒರೆಸು. "ಏಳು ಶೀಲಾ, ಏಳು, ಗಿರಾಕಿ ನಿಂತಿದ್ದಾರೆ!" ಆ ನಾಲ್ವರು ಥ್ಯಾಂಕ್ಯೂ ಎನ್ನುತ್ತಾ ಕೂತರು. ಆ ಸಪ್ಲೈಯರು ಕಣ್ಣು ಕಣ್ಣು ಬಿಟ್ಟ. ನಾನು ಕೈಯಲ್ಲೊಂದು ಚಮಚ ಹಿಡಿದುಕೊಂಡು ಹೋಟೆಲಿನ ನಟ್ಟನಡುವೆ ನಿಂತಿದ್ದೆ.

ಎಲ್ಲಿಂದ ಬಂತೋ ಸಿಟ್ಟು, ನೆತ್ತಿಗೇರಿತು. ಹೊರಗೆ ಬಂದು ನಡೆದೆ. ಇವರು ದುಡ್ಡು ಕೊಟ್ಟು ಹಿಂದಿನಿಂದ ಓಡಿ ಬಂದರು. ಹೊಳೆಗೆ ಅಡ್ಡಲಾಗಿ ಕಟ್ಟಿದ ಸಂಕದ ಮೇಲೆ ನಿಂತುಬಿಟ್ಟೆ.

"ಎಂಥ ಆಯ್ತು ಈಗ? ಸಣ್ಣ ಮಕ್ಕಳು, ಚಳಿಯಲ್ಲಿ ನಿಂತಿದ್ರು..."

"ನಾನು ನಿಂತದ್ದು ಕಾಣುದಿಲ್ವಾ?" ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು. "ಮೂವತ್ತೊಂದು ವರ್ಷದಿಂದ ನಾನೂ ಬಾಗಿಲಲ್ಲೇ ನಿಂತಿದ್ದೇನೆ. ನನಗೆ ಯಾವಾಗ ಟೇಬಲು ಕೊಡುದು ನೀವು? ಊರವರಿಗೆಲ್ಲ ಕೊಟ್ಟಾಯ್ತು, ಈಗ ಈ ದೇಶದವರಿಗೂ ಕೊಟ್ಟಾಯ್ತು. ನಾನು ಗಿರಾಕಿಗಿಂತ ಕಡೆಯಾ?"

ಕೆಳಗೆ ಹೊಳೆ ಸದ್ದು ಮಾಡುತ್ತಾ ಹರಿಯುತ್ತಿತ್ತು. ಇವರು ನಗಲಿಲ್ಲ. ಮಂಕಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನನ್ನ ಮುಷ್ಟಿಯನ್ನು ನೋಡಿ ಮೆಲ್ಲಗೆ ಹೇಳಿದರು, "ಶೀಲಾ, ಆ ಚಮಚ ಅವರದ್ದು."

ಹೌದು, ಸಿಟ್ಟಿನಲ್ಲಿ ಚಮಚ ಹಿಡಿದುಕೊಂಡೇ ಬಂದಿದ್ದೆ. ಆಗ ನನಗೆ ಆ ಚಮಚವನ್ನೂ ಇವರನ್ನೂ ಒಟ್ಟಿಗೆ ಹೊಳೆಗೆ ಎಸೆಯುವಷ್ಟು ಕೋಪ ಬಂತು. ಚಮಚವನ್ನು ಅವರ ಕೈಗೆ ಕುಕ್ಕಿ, ವಸತಿಗೆ ಬಂದು ಹೊದ್ದು ಮಲಗಿದೆ. ಆ ರಾತ್ರಿ ಊಟವನ್ನೂ ಮಾಡಲಿಲ್ಲ.

ಮರುದಿನ ನಮ್ಮ ಕೊನೆಯ ದಿನ. ನಾನು ಏಳುವ ಮೊದಲೇ ಇವರು ಹೊರಗೆ ಹೋಗಿದ್ದರು. ಬಂದಾಗ ಮೂಗು ಚಳಿಗೆ ಕೆಂಪಾಗಿತ್ತು.

"ಚಮಚ ಕೊಟ್ಟು ಬಂದೆ. ಹಾಗೇ ಮಧ್ಯಾಹ್ನಕ್ಕೆ ಒಂದು ಟೇಬಲು ಹೇಳಿ ಬಂದೆ. ಇಬ್ಬರಿಗೆ."

"ಯಾವ ಭಾಷೆಯಲ್ಲಿ ಹೇಳಿದ್ರಿ?"

"ಎರಡು ಬೆರಳು ತೋರಿಸಿದೆ, ಮೂಲೆ ತೋರಿಸಿದೆ. ಹೋಟೆಲಿನವನಿಗೆ ಅಷ್ಟು ಸಾಕು. ಬಾ ಶೀಲಾ, ಬರುದಿಲ್ಲ ಅಂತ ಹೇಳ್ಬೇಡ."

ನನಗೆ ನಂಬಿಕೆ ಇರಲಿಲ್ಲ. ಆದರೂ ಹಸಿವಾಗಿತ್ತು, ಹೋದೆ.

ಟೇಬಲು ಒಳಗಿನ ಮೂಲೆಯಲ್ಲಿ, ಗೋಡೆಗೆ ತಾಗಿ ಇತ್ತು. ಇವರು ಗೋಡೆಯ ಕಡೆಗಿನ ಕುರ್ಚಿಯಲ್ಲಿ ಕೂರುತ್ತಾರೆಂದು ನಾನು ಈಚೆಯ ಕುರ್ಚಿಗೆ ಕೈ ಹಾಕಿದೆ. ಮದುವೆ ಮನೆಯಲ್ಲಿ, ಡಾಕ್ಟರ ಕೋಣೆಯಲ್ಲಿ, ಎಲ್ಲಿ ಹೋದರೂ ಇವರು ಬಾಗಿಲು ಕಾಣುವ ಹಾಗೆಯೇ ಕೂರುವವರು. ಗಲ್ಲಾದ ಅಭ್ಯಾಸ ಅದು.

"ಅಲ್ಲಿ ಅಲ್ಲ. ನೀನು ಆಚೆ ಹೋಗು," ಎಂದರು.

"ನೀವು?"

"ಆಚೆ ಕೂತ್ರೆ ನನಗೆ ಬಾಗಿಲು ಕಾಣ್ತದೆ ಮಾರಾಯ್ತಿ. ಕಂಡ್ರೆ ಎದ್ದು ಹೋಗ್ತೇನೆ. ನನ್ನ ಮೇಲೆ ನನಗೇ ಭರವಸೆ ಇಲ್ಲ." ಹೇಳಿ, ಬಾಗಿಲಿಗೆ ಬೆನ್ನು ಹಾಕಿ ಕೂತರು.

ಪಾಪ, ಅವರ ಅವಸ್ಥೆ ನೋಡಬೇಕಿತ್ತು. ಬಾಗಿಲು ತೆರೆದಾಗಲೆಲ್ಲ ಕುತ್ತಿಗೆ ಅರ್ಧ ತಿರುಗುತ್ತಿತ್ತು, ಮತ್ತೆ ತಾವೇ ಸರಿ ಮಾಡಿಕೊಳ್ಳುತ್ತಿದ್ದರು. ಎರಡು ಕೈಯಲ್ಲೂ ಟೇಬಲಿನ ಅಂಚು ಹಿಡಿದಿದ್ದರು. ಚೀಸಿನ ಉಂಡೆ ಹಾಕಿದ ಸೂಪು ಬಂತು. ಅವರು ಟೈಲ್ಸಿನ ಸುದ್ದಿ ಹೇಳಿದರು, ನಾನು ನಿಖಿತಾಳಿಗೆ ಒಯ್ಯಬೇಕಾದ ಚಾಕೊಲೇಟಿನ ಸುದ್ದಿ ಹೇಳಿದೆ. ಅದೂ ಮುಗಿಯಿತು. ಬಾಗಿಲಿಲ್ಲ, ಗಿರಾಕಿಗಳಿಲ್ಲ, ಅವರಿಗೆ ನೋಡಲು ಉಳಿದದ್ದು ನಾನೊಬ್ಬಳೇ.

ಸ್ಟ್ರೂಡೆಲ್ ಬಂತು. ನಾನು ಮೊದಲ ತುತ್ತು ಬಾಯಿಗಿಟ್ಟೆ.

"ನೀನು ಸಿಹಿ ತಿನ್ನುವಾಗ ಕಣ್ಣು ಮುಚ್ತೀಯಾ?" ಎಂದರು.

"ಮುಚ್ತೇನೆ. ಏನೀಗ?"

"ಯಾವಾಗಿಂದ?"

"ಹುಟ್ಟಿದಾಗಿಂದ."

ಅವರು ಚಮಚ ಕೆಳಗಿಟ್ಟರು. "ನನಗೆ ಗೊತ್ತೇ ಇರ್ಲಿಲ್ಲ. ಎಷ್ಟು ಜನ ತಿನ್ನುದು ನೋಡಿದ್ದೇನೆ ನಾನು! ಯಾರಿಗೆ ಉಪ್ಪು ಕಮ್ಮಿ ಆಯ್ತು ಅಂತ ದೂರದಿಂದ ಮುಖ ನೋಡಿ ಹೇಳ್ತೇನೆ. ನಿನ್ನನ್ನು ನೋಡ್ಲೇ ಇಲ್ಲ ಶೀಲಾ."

ಬೈಯಬೇಕೆಂದು ಎಷ್ಟೋ ಮಾತು ಕೂಡಿಟ್ಟಿದ್ದೆ, ಎಲ್ಲ ಅಲ್ಲಿಗೇ ಬಿಟ್ಟೆ. ಸಂತೋಷವಾಯಿತು, ತುಂಬ ಸಂತೋಷವಾಯಿತು, ಅದನ್ನು ಹೇಳಲು ನನಗೇನು ನಾಚಿಕೆ? "ಈಗ ನೋಡಿ, ಯಾರು ಬೇಡ ಅಂದ್ರು," ಎಂದು ಇನ್ನೊಂದು ತುತ್ತು ತಿಂದೆ. ಕಣ್ಣು ಮುಚ್ಚಿಯೇ ತಿಂದೆ. ಅವರು ನೋಡುತ್ತಾ ಕೂತರು, ತಮ್ಮದು ತಿನ್ನುವುದನ್ನೇ ಮರೆತು.

ನಾನು ಕಣ್ಣು ತೆರೆದಾಗ ಹೋಟೆಲು ತುಂಬಿತ್ತು. ಇವರ ಹೆಗಲಾಚೆ ಬಾಗಿಲಲ್ಲಿ ಐದಾರು ಜನ, ಕೋಟು ಬಿಚ್ಚದೆ, ಕೈ ಉಜ್ಜಿಕೊಳ್ಳುತ್ತಾ ಟೇಬಲಿಗೆ ಕಾಯುತ್ತಿದ್ದರು. ಅವರಲ್ಲೊಬ್ಬಳು ಮುದುಕಿ ನಮ್ಮ ಟೇಬಲನ್ನೇ ನೋಡುತ್ತಿದ್ದಳು. ಇವರ ಕಿವಿಗೆ ಏನು ಬಿತ್ತೋ, ಬೆನ್ನು ಮೆಲ್ಲಗೆ ನೆಟ್ಟಗಾಯಿತು.

"ಶೀಲಾ, ಹಿಂದೆ ಯಾರಾದ್ರೂ ನಿಂತಿದ್ದಾರಾ?"

"ಒಂದು ನರಪಿಳ್ಳೆಯೂ ಇಲ್ಲ. ನಿಧಾನ ತಿನ್ನಿ," ಎಂದೆ. ಕೈ ಎತ್ತಿ ಆ ಸಪ್ಲೈಯರಿಗೆ, ಇನ್ನೂ ಎರಡು ಕಾಫಿ ಎಂದು ಬೆರಳು ತೋರಿಸಿದೆ.